ಬೇಡಮ್ಮನಿಗೆ ಬೇಕಾದ ಮನೆ

ಹಳೆಯ ಮಂಚ, ಮೇಜು, ಬೀರು ಮಾರುವವರ ಬೀದಿಯಲ್ಲಿ ಅವಳಿಗೆ ಬೇಡಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಗಂಡ ಆ ಬೀದಿಯ ಕೊನೆಯ ಅಂಗಡಿಯವನು. ಮನೆ ಖಾಲಿ ಮಾಡುವವರಿಂದ, ತೀರಿಹೋದವರ ಮಕ್ಕಳಿಂದ, ಕೆಲಸ ಕಳೆದುಕೊಂಡು ಊರು ಬಿಡುವವರಿಂದ ಸಾಮಾನು ಕೊಂಡು, ಉಜ್ಜಿ, ಮೆರುಗು ಹಾಕಿ ಮಾರುವುದು ಅವನ ಕಸುಬು. ಗುಜರಿಯವನು ಎಂದರೆ ಸಿಡಿಯುತ್ತಿದ್ದ. 'ಗುಜರಿಯವನು ತೂಕ ಹಾಕಿ ತಗೋತಾನೆ, ನಾನು ಕಣ್ಣು ಹಾಕಿ ತಗೋತೀನಿ' ಎನ್ನುತ್ತಿದ್ದ.

ಮದುವೆಯಾದ ವರ್ಷ ಒಂದು ಮಂಚ ನೋಡಲು ಅವಳನ್ನೂ ಕರೆದುಕೊಂಡು ಹೋಗಿದ್ದ. ಅದರ ಮೇಲೆ ಮಲಗುತ್ತಿದ್ದ ಮುದುಕ ಹಿಂದಿನ ವಾರವಷ್ಟೇ ಸತ್ತಿದ್ದ. ಅದು ಕಿವಿಗೆ ಬಿದ್ದೊಡನೆ ಅವಳು ಗಂಡನ ತೋಳು ಹಿಡಿದು, 'ಬೇಡ ರೀ, ಬನ್ನಿ ಹೋಗೋಣ' ಅಂದಳು. ಮನಸಾರೆ ಅಂದ ಮಾತು. ಮಾರುವವನು ಕಂಗಾಲಾಗಿ ಬೆಲೆಯನ್ನು ಅರ್ಧಕ್ಕೆ ಇಳಿಸಿದ. ಗಂಡ ಮಂಚ ಕೊಂಡ, ದಾರಿಯುದ್ದಕ್ಕೂ ಹೆಂಡತಿಯನ್ನು ಹೊಗಳಿದ. ಅದು ಮಾರಿಹೋಗುವವರೆಗೆ ಅವರಿಬ್ಬರೂ ಅದರ ಮೇಲೆಯೇ ಮಲಗಿದರು.

ಅಂದಿನಿಂದ ಅಳತೆಯ ಟೇಪು, ಹಗ್ಗ, ಗೋಣಿತಟ್ಟುಗಳ ಜೊತೆಗೆ ಅವಳೂ ವ್ಯಾಪಾರದ ಒಂದು ಸಲಕರಣೆಯಾದಳು. ಆಟದ ನಿಯಮ ಸುಲಭ. ಗಂಡ ಮಾತಾಡುತ್ತಾನೆ, ಅವಳು ಸುಮ್ಮನೆ ನಿಲ್ಲಬೇಕು. ಬೆಲೆ ಇನ್ನು ಇಳಿಯುವುದಿಲ್ಲ ಎನ್ನಿಸಿದಾಗ ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಾನೆ. ಆಗ ಅವಳು 'ಬೇಡ ರೀ' ಎನ್ನಬೇಕು. ಗಂಡಸಿನ ಬೇಡಕ್ಕೆ ಮಾರುವವರು ಹೆದರುವುದಿಲ್ಲ, ಅದು ಚೌಕಾಸಿ ಎಂದು ಅವರಿಗೆ ಗೊತ್ತು. ಮನೆಯಾಕೆ ಬೇಡ ಎಂದರೆ ವ್ಯಾಪಾರ ಮುರಿದುಬಿತ್ತು ಎಂದೇ ಲೆಕ್ಕ. ವರ್ಷಗಳು ಕಳೆದಂತೆ ಅವಳ ಬೇಡಕ್ಕೆ ಹದ ಬಂತು. ಬೀರುವಿಗೆ ಒಂದು ಬಗೆ, ತೊಟ್ಟಿಲಿಗೆ ಇನ್ನೊಂದು ಬಗೆ. ಮೂಗು ಎಷ್ಟು ಮುರಿಯಬೇಕು, ಬಾಗಿಲ ಕಡೆ ಎಷ್ಟು ಹೆಜ್ಜೆ ಇಡಬೇಕು ಎಲ್ಲ ಕರತಲಾಮಲಕ. ಅವಳನ್ನು ಪಾಪದವಳೆಂದು ಯಾರೂ ಮರುಗಬೇಕಾಗಿಲ್ಲ. ಗಂಡ ಸತ್ತ ಹೆಂಗಸರು, ಮಕ್ಕಳ ಶುಲ್ಕ ಕಟ್ಟಲು ಮೇಜು ಮಾರುವವರು ಅವಳ ಆ ಒಂದು ಮಾತಿಗೆ ಬಗ್ಗಿದ್ದರು. ಹಾಗೆ ಉಳಿದ ದುಡ್ಡಿನ ಅನ್ನವನ್ನು ಅವಳೂ ಉಂಡಿದ್ದಳು.

ಆದರೆ ಅವಳು ಬಾಳಿದ್ದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಅಂಗಡಿಯಲ್ಲಿ ಜಾಗ ಸಾಲದ ಸಾಮಾನಿನ ನಡುವೆ. ಬೆಳಗ್ಗೆ ಒಂದು ಬೀರುವಿನಲ್ಲಿ ಬಟ್ಟೆ ಮಡಿಸಿಟ್ಟರೆ ಸಂಜೆಗೆ ಬೀರು ಮಾರಿಹೋಗಿ ಬಟ್ಟೆ ನೆಲದ ಮೇಲೆ ಗುಡ್ಡೆ ಬಿದ್ದಿರುತ್ತಿತ್ತು. ತಲೆ ಬಾಚುವ ಕನ್ನಡಿ ಹೋಗುತ್ತಿತ್ತು, ಕೂತು ಉಣ್ಣುವ ಕುರ್ಚಿ ಹೋಗುತ್ತಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಎರಡು ಬೀರುಗಳ ಸಂದಿಯಲ್ಲಿ ಹಾಸಿಗೆ ಹಾಕಿಕೊಳ್ಳುತ್ತಿದ್ದಳು. 'ನಮ್ಮನೇಲಿ ಮಾರಾಟಕ್ಕಿಲ್ಲದ್ದು ಅಂದ್ರೆ ನಾವು ಮೂರೇ ಜನ' ಎಂದು ನಗುತ್ತಿದ್ದಳು. 'ಒಳ್ಳೆ ಬೆಲೆ ಬರಲಿ, ನೋಡೋಣ' ಎಂದು ಅಪ್ಪನೂ ನಗುತ್ತಿದ್ದ.

ಮಗಳ ಸಂಬಳ ನೋಡಿ ಬ್ಯಾಂಕಿನವರು ಸಾಲಕ್ಕೆ ಒಪ್ಪಿದ ವರ್ಷ, ಅವರು ಮೊದಲ ಬಾರಿಗೆ ತಮಗಾಗಿ ಮನೆ ನೋಡಲು ಹೊರಟರು. ಮಾರುತ್ತಿದ್ದವಳು ನಿವೃತ್ತ ನರ್ಸು, ಒಂಟಿ ಹೆಂಗಸು, ತಂಗಿಯ ಊರಿಗೆ ಹೋಗಿ ನೆಲೆಸುವವಳು. ಮನೆ ದೊಡ್ಡದೇನಲ್ಲ. ಮುಂದೆ ಒಂದು ಕೋಣೆ, ಹಿಂದೆ ಎರಡು, ಅಡುಗೆಮನೆಯ ಕಿಟಕಿಯಿಂದ ಪಕ್ಕದವರ ಗೋಡೆ, ಗೋಡೆಯ ಮೇಲೆ ಒಂದಿಷ್ಟು ಬಿಸಿಲು. ಬೇಡಮ್ಮನ ಕಣ್ಣು ಅದಾವುದರ ಮೇಲೂ ನಿಲ್ಲಲಿಲ್ಲ. ಹಿಂದಿನ ಕೋಣೆಯಲ್ಲಿ, ನೆಲದಿಂದ ಸೂರಿನವರೆಗೆ, ಗೋಡೆಯೊಳಗೇ ಕಟ್ಟಿದ ಕಪಾಟುಗಳಿದ್ದವು. ಚೌಕಟ್ಟನ್ನು ಕಲ್ಲಿಗೆ ಕಚ್ಚಿಸಿ ನಿಲ್ಲಿಸಿದ ಮರದ ಬಾಗಿಲುಗಳು. ಒಂದನ್ನು ತೆರೆದಳು. ಒಳಗಿನ ಹಲಗೆಗಳಿಗೆ ನರ್ಸಮ್ಮ ಅಂಚು ಕತ್ತರಿಸಿದ ಬಿಳಿ ಕಾಗದ ಹಾಸಿದ್ದಳು. ಬೇಡಮ್ಮ ಚೌಕಟ್ಟನ್ನು ಹಿಡಿದು, ಕಸುಬಿನ ಅಭ್ಯಾಸದಂತೆ, ಅಲುಗಾಡಿಸಿ ನೋಡಿದಳು. ಅದು ಜಗ್ಗಲಿಲ್ಲ. ಇದನ್ನು ಯಾರೂ ಹೊತ್ತುಕೊಂಡು ಹೋಗಲಾರರು ಎಂದುಕೊಂಡಳು. ಇಲ್ಲಿಟ್ಟ ಬಟ್ಟೆ ಇಲ್ಲೇ ಇರುತ್ತದೆ.

ಬೀದಿಗೆ ಬಂದಾಗ ಗಂಡ ಕೇಳಿದ. 'ಏನೇ, ಹಿಡಿಸ್ತಾ?'

'ಹೂಂ ರೀ. ತುಂಬಾ.'

'ಮುಖದಲ್ಲಿ ತೋರಿಸಲಿಲ್ಲ ತಾನೆ?'

'ಇಲ್ಲ.'

'ಹಾಗಿರಬೇಕು ನೋಡು' ಎಂದು ಅವನು ಮೆಚ್ಚಿಕೊಂಡ.

ನರ್ಸಮ್ಮ ಹೇಳಿದ್ದು ಮೂವತ್ತೆಂಟು ಲಕ್ಷ. ಅವರ ಉಳಿತಾಯವೆಲ್ಲ ಬಳಿದು, ಬ್ಯಾಂಕಿನ ಸಾಲ ಸೇರಿಸಿದರೆ ಮೂವತ್ತಾರಕ್ಕೆ ಕೈ ಎಟಕುತ್ತಿತ್ತು. ಇನ್ನೆರಡಕ್ಕೆ ಅವಳ ಬಳೆಗಳಿದ್ದವು. ಎಷ್ಟಕ್ಕೆ ಕೇಳುವುದು ಎಂದು ಊಟದ ಹೊತ್ತಿಗೆ ಮಾತು ಎದ್ದಿತು. ಉಣ್ಣುತ್ತಿದ್ದದ್ದು ಯಾರೋ ವಕೀಲರ ಮೇಜಿನ ಮೇಲೆ. ಮುಂಗಡ ಕೊಟ್ಟವರು ಮರುದಿನ ಅದನ್ನು ಒಯ್ಯುವವರಿದ್ದರು.

'ಇಪ್ಪತ್ತೆಂಟಕ್ಕೆ ಶುರು ಮಾಡೋಣ' ಎಂದ ಗಂಡ.

ಮಗಳು ತುತ್ತು ನಿಲ್ಲಿಸಿದಳು. 'ಅಪ್ಪ, ಅದು ಮನೆ. ಕಾಲು ಮುರಿದ ಸ್ಟೂಲಲ್ಲ.'

'ಎಲ್ಲಾ ಒಂದೇ ಕಣೇ ಪುಟ್ಟಿ. ಮನೆ ಅಂದ್ರೆ ಒಳಗೆ ಹೋಗಿ ಕೂರೋ ಬೀರು.'

'ಆ ಬೀದೀಲಿ ಹೋದ ವರ್ಷ ಮಾರಿದ ಮನೆ ಮೂವತ್ತೇಳಕ್ಕೆ ಹೋಗಿದೆ. ನಾನು ವಿಚಾರಿಸಿದೀನಿ. ಮೂವತ್ತಾರು ಅಂತ ನೇರವಾಗಿ ಹೇಳಿ. ಅವರು ಮರ್ಯಾದಸ್ಥರು, ಒಪ್ಪಬಹುದು.'

'ನೇರವಾಗಿ ಹೇಳೋನು ನೇರವಾಗಿ ಮುಳುಗ್ತಾನೆ. ಒಂಟಿ ಹೆಂಗಸು, ಊರು ಬಿಡೋ ಆತುರ ಇದೆ. ಮೂವತ್ತಕ್ಕೆ ಬರ್ತಾಳೆ. ಉಳಿದದ್ದರಲ್ಲಿ ನಿನ್ನ ಮದುವೆ.'

'ನನ್ನ ಮದುವೆ ನನ್ನ ಪಾಡಿಗೆ ಇರಲಿ. ಅಮ್ಮ, ನೀನು ಹೇಳು.'

ಅವಳಿಗೆ ಹೇಳಬೇಕೆನಿಸಿತು. ಕೇಳಿದಷ್ಟು ಕೊಟ್ಟುಬಿಡಿ, ಬಳೆ ತಗೊಳ್ಳಿ, ಆ ಕಪಾಟುಗಳನ್ನು ಕೈ ಬಿಡಬೇಡಿ ಎನ್ನಬೇಕೆನಿಸಿತು. ಆದರೆ ಬೇಕು ಎಂಬ ಮಾತನ್ನು ಆಡಿ ಅವಳ ನಾಲಿಗೆಗೆ ರೂಢಿ ಇರಲಿಲ್ಲ. 'ನಿಮ್ಮಪ್ಪನಿಗೆ ವ್ಯಾಪಾರ ಗೊತ್ತು' ಎಂದು ತಟ್ಟೆ ಎತ್ತಿಕೊಂಡಳು. ಇಂಥ ಮಾತು ನಮ್ರತೆಯಂತೆ ಕೇಳಿಸುತ್ತದೆ. ಬಹಳ ಸಲ ಅದು ಬರೀ ಸೋಮಾರಿತನ.

ಮುಂದಿನ ಭಾನುವಾರ ನರ್ಸಮ್ಮನ ಮುಂದಿನ ಕೋಣೆಯಲ್ಲಿ ಮಾತುಕತೆ ನಡೆಯಿತು. ಗಂಡ ಗೋಡೆ ತಟ್ಟಿದ, ನೆಲ ಒತ್ತಿದ, ಮೂಲೆಯ ತೇವದ ಮುಂದೆ ವೈದ್ಯನಂತೆ ಕುಕ್ಕರುಗಾಲಿನಲ್ಲಿ ಕೂತ. ಇಪ್ಪತ್ತೆಂಟು ಎಂದ. ನರ್ಸಮ್ಮ ಕೋಪಿಸಿಕೊಳ್ಳಲಿಲ್ಲ. ವಾರ್ಡುಗಳಲ್ಲಿ ಆಯುಸ್ಸು ಕಳೆದವಳು, ಗೊಣಗುವವರನ್ನು ಕಂಡಿದ್ದಳು. ಸ್ವಲ್ಪ ಹೊತ್ತು ಅವನ ಮಾತು ಕೇಳಿ, ಕೈ ಎತ್ತಿ ನಿಲ್ಲಿಸಿದಳು.

'ನೋಡಿ, ನಾನು ಸಂತೆ ಮಾಡೋಳಲ್ಲ. ಮೂವತ್ತಾರಕ್ಕೆ ಕೊಡ್ತೀನಿ. ಅದಕ್ಕಿಂತ ಕೆಳಗೆ ಇಳಿಯಲ್ಲ.'

ಮೂವತ್ತಾರು. ಅವರ ಕೈಯಲ್ಲಿದ್ದದ್ದೇ ಅಷ್ಟು. ಬೇಡಮ್ಮನಿಗೆ ಎದೆ ಹಗುರಾಯಿತು. ಮುಗಿಯಿತು, ಇನ್ನು ಹೂಂ ಎಂದರೆ ಆಯಿತು. ಅವಳು ಗಂಡನ ಕಡೆ ನೋಡಿದಳು. ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಿದ್ದ.

ಅವಳು ಸುಮ್ಮನಿರಬಹುದಿತ್ತು. ಅವಳ ಬಾಯಿಯನ್ನು ಯಾರೂ ಬಲವಂತವಾಗಿ ಬಿಡಿಸಿರಲಿಲ್ಲ. ಆದರೆ ಕುದುರೆಗೆ ಚಾವಟಿಯ ಸದ್ದೇ ಸಾಕು. ಅವಳ ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು, ಮೂಗು ಬೇಕಾದಷ್ಟೇ ಮುರಿಯಿತು.

'ಬೇಡ ರೀ. ಗೋಡೆ ಗೋಡೆಗೂ ಕಪಾಟು ಕಟ್ಟಿ ಮನೆಯೆಲ್ಲ ಕತ್ತಲಾಗಿದೆ. ನನಗಿಲ್ಲಿ ಉಸಿರು ಕಟ್ಟುತ್ತೆ. ಬನ್ನಿ ಹೋಗೋಣ.'

ಅಷ್ಟು ಚೆನ್ನಾಗಿ ಅವಳು ಎಂದೂ ಹೇಳಿರಲಿಲ್ಲ.

ನರ್ಸಮ್ಮ ಅವಳನ್ನೇ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, 'ಹಾಗಾದ್ರೆ ಬಿಡಿ' ಎಂದಳು.

'ಅಲ್ಲಮ್ಮ, ಅವಳು ಹಾಗೇ ಅನ್ನೋದು. ಮೂವತ್ತೆರಡು ಮಾಡಿ, ನಾನು ಒಪ್ಪಿಸ್ತೀನಿ.'

'ಒಪ್ಪಿಸೋದು ಬೇಡ.'

'ಸರಿ, ಮೂವತ್ತಾರೇ ಆಗಲಿ.'

'ನಿಮ್ಮ ದುಡ್ಡಿನ ಮಾತಲ್ಲ ಇದು' ಎಂದಳು ನರ್ಸಮ್ಮ. 'ನಮ್ಮ ಯಜಮಾನರೂ ನನ್ನನ್ನ ಕೇಳದೆ ಈ ಮನೆ ತಗೊಂಡರು. ನಾನೂ ಬೇಡ ಅಂದಿದ್ದೆ, ಇದೇ ಜಾಗದಲ್ಲಿ ನಿಂತು. ಒಗ್ಗಿಕೊಳ್ಳೋ ಹೊತ್ತಿಗೆ ಅವರೇ ಇರಲಿಲ್ಲ. ಇನ್ನೊಬ್ಬಳನ್ನ ಇಲ್ಲಿ ತಂದು ಹಾಕೋ ಪಾಪ ನನಗೆ ಯಾಕೆ? ಹೋಗಿ ಬನ್ನಿ.'

ದಾರಿಯಲ್ಲಿ ಗಂಡನಿಗೆ ಇನ್ನೂ ಗೆಲುವಿನ ಗುಂಗು. 'ಬಿಗಿ ಮಾಡ್ತಿದಾಳೆ. ವಾರ ಬಿಡು, ತಾನಾಗೇ ಕರೀತಾಳೆ' ಎಂದ. ಸ್ವಲ್ಪ ದೂರ ಹೋದ ಮೇಲೆ, 'ಆದ್ರೂ ನೀನು ಅಷ್ಟು ಜೋರಾಗಿ ಹೇಳಬಾರದಿತ್ತು' ಎಂದ. ಮನೆ ಮುಟ್ಟುವ ಹೊತ್ತಿಗೆ ತಪ್ಪೆಲ್ಲ ಅವಳದಾಗಿತ್ತು. ಗೆದ್ದರೆ ಗಂಡನ ಜಾಣತನ, ಸೋತರೆ ಹೆಂಡತಿಯ ನಾಲಿಗೆ. ಆ ಹಂಚಿಕೆ ಆ ಮನೆಯಲ್ಲಿ ಹೊಸದೇನಲ್ಲ.

ಮಗಳು ಏನೂ ಬೈಯಲಿಲ್ಲ. 'ಅಮ್ಮ, ನಿನಗೆ ಆ ಮನೆ ಬೇಡವಾ?' ಎಂದಷ್ಟೇ ಕೇಳಿದಳು. ಹೆತ್ತ ಮಗಳೇ ಹಾಗೆ ಕೇಳಿದ್ದು ಬೇಡಮ್ಮನಿಗೆ ಗಂಡನ ಬೈಗುಳಕ್ಕಿಂತ ಹೆಚ್ಚು ನಾಟಿತು.

ಮರುದಿನ ಗಂಡ ಅಂಗಡಿಗೆ ಹೋದ ಮೇಲೆ ಅವಳು ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಒಬ್ಬಳೇ ಹೊರಟಳು. ಗಂಡನಿಲ್ಲದೆ, ಸನ್ನೆಯಿಲ್ಲದೆ, ಬೆಲೆಯ ಮಾತಿಗೆ ಅವಳು ಹೋದದ್ದು ಅದೇ ಮೊದಲು. ನರ್ಸಮ್ಮ ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು.

'ಅಮ್ಮಾ, ನನಗೆ ಈ ಮನೆ ಬೇಕು' ಎಂದಳು ಬೇಡಮ್ಮ. 'ನೀವು ಮೊದಲು ಹೇಳಿದಷ್ಟೇ ಕೊಡ್ತೀವಿ. ಮೂವತ್ತೆಂಟು.'

ಆ ಮಾತು ಅವಳಿಗೇ ಯಾರೋ ಬರೆದುಕೊಟ್ಟ ಮಾತಿನಂತೆ ಕೇಳಿಸಿತು. ಬೇಡಕ್ಕೆ ಇದ್ದ ಹದ ಬೇಕು ಎಂಬುದಕ್ಕೆ ಇರಲಿಲ್ಲ. ಮುಖವನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

'ನಿನ್ನೆ ಉಸಿರು ಕಟ್ಟುತ್ತೆ ಅಂದ್ರಲ್ಲ?'

'ಅದು ಸುಳ್ಳು. ಬೆಲೆ ಇಳಿಯಲಿ ಅಂತ.'

'ಅವರು ಹೇಳಿಸಿದ್ದಾ?'

'ಹೇಳಿಸಿದ್ದಲ್ಲ. ನಾವು ಯಾವಾಗಲೂ ಹಾಗೇ ಮಾಡೋದು. ಅವರು ಕನ್ನಡಕ ಒರೆಸಿದರೆ ನಾನು ಬೇಡ ಅನ್ನೋದು.'

ನರ್ಸಮ್ಮ ಗ್ಲಾಸು ವಾಪಸು ತೆಗೆದುಕೊಂಡಳು. 'ಇವತ್ತು ಏನು ಒರೆಸಿ ಕಳಿಸಿದ್ದಾರೆ?'

'ನಾನಾಗೇ ಬಂದೆ. ಅವರಿಗೆ ಗೊತ್ತಿಲ್ಲ.'

'ಇರಬಹುದು' ಎಂದಳು ನರ್ಸಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. 'ಆದ್ರೆ ನಾನು ಏನು ಮಾಡ್ಲಿ ಹೇಳಿ. ನಿನ್ನೆ ನೀವು ಹೇಳಿದ್ದು ನಿಜ ಆಗಿದ್ರೆ ಈ ಮನೆ ನಿಮಗೆ ಬೇಡ. ಸುಳ್ಳಾಗಿದ್ರೆ ನನಗೆ ನೀವು ಬೇಡ. ರಾತ್ರಿಯೆಲ್ಲ ನಿಮಗೋಸ್ಕರ ನೊಂದುಕೊಂಡೆನಲ್ಲ, ಅದು ನನ್ನ ಬುದ್ಧಿಗೇಡಿತನ.'

ಬೇಡಮ್ಮ ಕರವಸ್ತ್ರದ ಗಂಟು ಬಿಚ್ಚಿ ಬಳೆ ತೋರಿಸಿದಳು. ಅದೂ ಆಟದ ಒಂದು ಭಾಗದಂತೆಯೇ ಕಂಡಿತು. ಮತ್ತೆ ಗಂಟು ಹಾಕಿ ಎದ್ದು ಬಂದಳು.

ಮನೆ ಒಬ್ಬ ನೆಲಹಾಸು ವ್ಯಾಪಾರಿಗೆ ಹೋಯಿತು. ಮೂವತ್ತೆರಡಕ್ಕೆ ಎಂದು ಮಗಳು ವಿಚಾರಿಸಿಕೊಂಡು ಬಂದಳು. ಗಂಡ ಅದನ್ನು ಕೇಳಿ, 'ನೋಡಿದ್ಯಾ? ಇಳೀತಾಳೆ ಅಂತ ನಾನು ಹೇಳಲಿಲ್ವಾ?' ಎಂದ. ತನ್ನ ಲೆಕ್ಕ ಸರಿಯಾದ ಸಂತೋಷ ಅವನ ಮುಖದಲ್ಲಿ ನಿಜವಾಗಿಯೂ ಇತ್ತು.

ಕೆಲವು ತಿಂಗಳ ಮೇಲೆ ಆ ವ್ಯಾಪಾರಿಯೇ ಹೇಳಿಕಳಿಸಿದ. ಮನೆಯನ್ನು ಹೊಸದು ಮಾಡಿಸುತ್ತಿದ್ದಾನಂತೆ, ಹಳೆಯ ಮರವಿದೆಯಂತೆ. 'ಆ ಮನೆಗೆ ನಾನು ಬರಲ್ಲ ರೀ' ಎಂದಳು ಬೇಡಮ್ಮ. 'ವ್ಯಾಪಾರದಲ್ಲಿ ರೋಷ ಇಟ್ಟುಕೊಂಡೋನು ಉದ್ಧಾರ ಆದದ್ದುಂಟಾ? ನಡಿ' ಎಂದ ಗಂಡ. ಅವಳು ನಡೆದಳು.

ಹಿಂದಿನ ಕೋಣೆಯ ಗೋಡೆಯಲ್ಲಿ ಸುತ್ತಿಗೆ ಬಿದ್ದ ಗುಳಿಗಳಿದ್ದವು. ಕಪಾಟುಗಳನ್ನು ಚೌಕಟ್ಟಿನ ಸಮೇತ ಕಿತ್ತು ಅಂಗಳದಲ್ಲಿ ಸಾಲಾಗಿ ಒರಗಿಸಿದ್ದರು. ಕಲ್ಲಿಗೆ ಕಚ್ಚಿಸಿದ್ದ ಕಬ್ಬಿಣದ ಹಲ್ಲುಗಳು ಗಾರೆಯ ಚೂರುಗಳೊಡನೆ ಹೊರಗೆ ಚಾಚಿದ್ದವು. ಒಂದು ಹಲಗೆಯ ಮೇಲೆ ಬಿಳಿ ಕಾಗದ ಇನ್ನೂ ಅಂಟಿತ್ತು. ಹೊತ್ತುಕೊಂಡು ಹೋಗಲಾಗದ್ದು ಎಂದು ಅವಳು ನಂಬಿದ್ದದ್ದು ಇಷ್ಟೇ.

ವ್ಯಾಪಾರಿ ಒಂದು ಬೆಲೆ ಹೇಳಿದ, ಗಂಡ ಒಂದು ಹೇಳಿದ. ಎಲ್ಲೋ ನಡುವೆ ಇಬ್ಬರೂ ನಿಂತರು. ಗಂಡ ಕನ್ನಡಕ ತೆಗೆದ.

'ಬೇಡ ರೀ' ಎಂದಳು ಬೇಡಮ್ಮ. ಮೂಗು ಮುರಿಯಲಿಲ್ಲ, ಬಾಗಿಲ ಕಡೆ ಹೆಜ್ಜೆ ಇಡಲಿಲ್ಲ. ಗಂಡನ ತೋಳು ಹಿಡಿದಳು. 'ನಿಮ್ಮ ದಮ್ಮಯ್ಯ. ಇದು ಬೇಡ. ಬನ್ನಿ ಹೋಗೋಣ.'

ವ್ಯಾಪಾರಿ ಮುಖ ಸಪ್ಪೆ ಮಾಡಿಕೊಂಡು ಬೆಲೆ ಇಳಿಸಿದ.

ಗಾಡಿಯಲ್ಲಿ ಕೂತಾಗ ಗಂಡ ಅವಳ ಬೆನ್ನು ತಟ್ಟಿದ. 'ಇವತ್ತು ನಿನ್ನನ್ನ ಮೀರಿಸೋರಿಲ್ಲ ಬಿಡು. ಕಣ್ಣಲ್ಲಿ ನೀರು ಬೇರೆ ತಂದ್ಯಲ್ಲ.'

ಅಂಗಡಿಯಲ್ಲಿ ಜಾಗವಿರಲಿಲ್ಲ. ಕಪಾಟಿನ ಬಾಗಿಲುಗಳನ್ನು ಚೌಕಟ್ಟಿನ ಸಮೇತ ಬಾಡಿಗೆ ಮನೆಯೊಳಗೆ ತಂದು ಗೋಡೆಯುದ್ದಕ್ಕೂ, ಕಿಟಕಿಗೂ ಅಡ್ಡಲಾಗಿ ನಿಲ್ಲಿಸಿದರು. ಕೆಲಸ ಮುಗಿಸಿ ಬಂದ ಮಗಳು ದೀಪ ಹಾಕಿ, 'ಇದು ಯಾವಾಗ ಹೋಗುತ್ತೆ?' ಎಂದು ಕೇಳಿದಳು. ಬೇಡಮ್ಮ ಒಗೆದ ಬಟ್ಟೆಯನ್ನು ಮಡಿಸಿ ಎದೆಗೊತ್ತಿ ಹಿಡಿದುಕೊಂಡು, ಇಡಲು ಜಾಗ ನೋಡುತ್ತಾ, ಮರೆತವಳಂತೆ ಒಂದು ಬಾಗಿಲು ತೆರೆದಳು. ಅದರ ಹಿಂದೆ ಕಪಾಟು ಇರಲಿಲ್ಲ. ಬಾಡಿಗೆ ಮನೆಯ ಗೋಡೆ ಇತ್ತು.