ಅಂಗಿಗೆ ಹತ್ತಿದ ಹೋತದ ನಾತ

ಫಖರುನ್ನಿಸಾ ನದಾಫ್ ಬಾಗಲಕೋಟೆ ಕಡೆಯ ಹೆಂಗಸು. ಪರದೇಶಕ್ಕೆ ಬಂದು ಎಷ್ಟೋ ವರ್ಷ ಡೇಕೇರಿನ ಅಡುಗೆಮನೆಯಲ್ಲಿ ಕಂಡವರ ಮಕ್ಕಳಿಗೆ ಉಣ್ಣಿಸಿದವರು. ಗಂಡ ಸನಾವುಲ್ಲಾ ಓಕ್ಲ್ಯಾಂಡ್ ಬಂದರಿನಲ್ಲಿ ಕಂಟೇನರ್ ಲಾರಿ ಓಡಿಸಿ ಸೊಂಟ ಕಳೆದುಕೊಂಡವರು. ನಿವೃತ್ತಿಯಾದ ಮೇಲೆ ಓರಗೆಯವರೆಲ್ಲ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಕ್ಯುಪರ್ಟಿನೋ ಕಡೆ ಹೋದರೆ, ಈ ಇಬ್ಬರು ಗಿಲ್‌ರಾಯ್‌ನ ಅಂಚಿನಲ್ಲಿ ಒಂದು ತುಂಡು ಜಮೀನು ಹಿಡಿದು ಆಡು ಕಟ್ಟಿದರು. ಹುಚ್ಚು ಅನ್ನುತ್ತೀರಾ? ಅನ್ನಿ, ಬೇಡ ಅಂದವರ್ಯಾರು!

ಹೋದ ವರ್ಷ ಏಪ್ರಿಲ್‌ನಲ್ಲಿ ಸನಾವುಲ್ಲಾರ ಲಿವರಿನಲ್ಲಿ ಗಡ್ಡೆ ಕಂಡಿತು. “ನನಗ ಏನೂ ಹೇಳಬ್ಯಾಡ್ರಿ, ಏನಿದ್ರೂ ಈಕಿಗೆ ಹೇಳ್ರಿ,” ಎಂದು ಡಾಕ್ಟರ ಕೋಣೆಯಿಂದ ಎದ್ದು ಹೋಗಿಬಿಟ್ಟರು ಪುಣ್ಯಾತ್ಮ. ಕೇಳಬಾರದ್ದನ್ನೆಲ್ಲ ಫಖರುನ್ನಿಸಾ ಒಬ್ಬರೇ ಕೇಳಬೇಕಾಯಿತು. ಹೊಸ ವರ್ಷದವರೆಗೆ ಉಳಿದರೆ ಅದೇ ಹೆಚ್ಚು ಎಂದರು ಡಾಕ್ಟರು.

ಆಡುಗಳು ಈಯುವುದು ಮಾರ್ಚಿನಲ್ಲಿ. ಸನಾವುಲ್ಲಾರಿಗೆ ಮರಿಗಳೆಂದರೆ ಪ್ರಾಣ. ಫಖರುನ್ನಿಸಾ ಪಶುವೈದ್ಯೆ ನಿರುಪಮಾಗೆ ಫೋನು ಮಾಡಿ, “ಈ ಸಲ ಡಿಸೆಂಬರಿನ್ಯಾಗ ಮರಿ ಆಗಬೇಕವ್ವ. ಅವರು ಒಮ್ಮೆ ಕೈಯಾಗ ಹಿಡಕೊಂಡು ಹೋಗ್ಲಿ,” ಎಂದು ಅತ್ತರು.

ಹಾಸನದ ಹುಡುಗಿ ನಿರುಪಮಾ ಸಮಾಧಾನವಾಗಿ ಹೇಳಿದಳು. “ಹೋತದ ವಾಸನೇನೇ ಔಷಧಿ ಆಂಟಿ. ಅದು ಹೊಸದಾಗಿ ಮೂಗಿಗೆ ಹೊಡೆದ್ರೆ ಆಡಿನ ಬ್ರೇನಿಂದ ಹಾರ್ಮೋನು ಏರುತ್ತೆ, ಮಲಗಿರೋ ಅಂಡಾಶಯ ಎಚ್ಚರ ಆಗುತ್ತೆ. ಸೀಸನ್ ಅಲ್ಲದೇ ಇದ್ರೂ ಬೆದೆಗೆ ಬರಬಹುದು. ಆದ್ರೆ ದಿನಾ ಸಿಗೋ ವಾಸನೆ ಅಷ್ಟು ಕೆಲಸ ಮಾಡಲ್ಲ. ಈಗ್ಲೇ ಹೋತಾನ ದೂರ ಕಳ್ಸಿ, ವಾಸನೇನೂ ಇತ್ತ ಸುಳೀಬಾರ್ದು. ಜುಲೈನಲ್ಲಿ ತಂದು ಬಿಡಿ, ಅಲ್ಲಿಂದ ಐದು ತಿಂಗಳಿಗೆ ಮರಿ.”

ಹೋತದ ಹೆಸರು ಸರದಾರ. ಬೇಲಿ ರಿಪೇರಿಯ ನೆಪ ಹೇಳಿ ಫಖರುನ್ನಿಸಾ ಅದನ್ನು ಗುಡ್ಡದಾಚೆ ಪರಿಚಯದ ಕೇದಾರನ ಜಮೀನಿಗೆ ಸಾಗಿಸಿದರು. ಕೊಟ್ಟಿಗೆ ತಿಕ್ಕಿ ತೊಳೆದರು. ನಿಜವಾದ ಕಾರಣ ಗಂಡನಿಗೆ ಹೇಳಲಿಲ್ಲ. ಹೇಳಿದರೆ ಡಾಕ್ಟರ ಮಾತನ್ನೂ ಹೇಳಬೇಕಲ್ಲ!

ಜೂನ್ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಒಗೆಯಲೆಂದು ಗಂಡನ ಅಂಗಿ ಎತ್ತಿಕೊಂಡರು. ಗಬ್ಬೆಂದು ಹೋತದ ನಾತ! ಅದೇನು ಮುಚ್ಚಿಟ್ಟರೆ ಮುಚ್ಚುವಂಥದ್ದೇ? ವಾಕಿಂಗು ಅಂತ ಕಾರು ತೆಗೆದುಕೊಂಡು ಹೋಗುತ್ತಿದ್ದ ಮನುಷ್ಯ ದಿನಾ ಸರದಾರನ ಕೊರಳು ತಬ್ಬಿ ಬಂದು, ಅದೇ ಅಂಗಿಯಲ್ಲಿ ಆಡುಗಳ ನಡುವೆ ಕೂತಿದ್ದಾರೆ. ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲಾಯಿತು.

ಫಖರುನ್ನಿಸಾ ಅಂಗಿ ಹಿಡಿದುಕೊಂಡೇ ಕೊಟ್ಟಿಗೆಗೆ ನುಗ್ಗಿದರು. “ದಿನಾ ಎಲ್ಲಿಗೆ ಹೋಗ್ತೀರಿ? ಖರೇ ಹೇಳ್ರಿ!”

“ಸರದಾರನ್ನ ನೋಡಾಕ.”

“ನಾಕ ದಿನ ನೋಡಲಿಲ್ಲಂದ್ರ ಏನ್ ಗಂಟು ಹೋಗತೈತಿ ನಿಮ್ದು?”

ಸನಾವುಲ್ಲಾ ತಲೆಯೆತ್ತಲಿಲ್ಲ. “ಡಾಕ್ಟರು ಏನಂದ್ರಂತ ನಾ ಕೇಳಿಲ್ಲ ಫಖರೂ. ನಿನ್ನ ಮಾರಿ ನೋಡಿದ್ರ ಸಾಕು, ಎಲ್ಲಾ ತಿಳಿತೈತಿ. ಬರೂ ವರ್ಷದ ಮರಿ ಅಂತೂ ನನಗ ಸಿಗೂದಿಲ್ಲ. ಇದ್ದಾಂವನ್ನರ ಕಣ್ತುಂಬ ನೋಡಕೋತೀನಿ, ಬಿಡು.”

ಫಖರುನ್ನಿಸಾ ಬೈಯುವುದನ್ನು ಬಿಟ್ಟರು. ಅಂಗಳಕ್ಕೆ ಬಂದು ನಿರುಪಮಾಗೆ ಫೋನು ಮಾಡಿದರು.

“ಇನ್ನೂ ಟೈಮಿದೆ ಆಂಟಿ,” ಎಂದಳು ಆಕೆ. “ಇನ್ನು ಮೂರು ವಾರ ಅಂಕಲ್ ಹೋತಾನ ಮುಟ್ಟದೇ ಇದ್ರೆ ಆಯ್ತು.”

“ಮುಟ್ಟದಿದ್ರ ಮರಿ ಆಗೇ ಆಗತಾವೇನವ್ವ?”

“ಆಗಬಹುದು. ಗ್ಯಾರಂಟಿ ಕೊಡಕ್ಕಾಗಲ್ಲ. ಅಂಕಲ್‌ಗೆ ಒಂದು ಮಾತು ಹೇಳಿಬಿಡಿ, ಕೇಳ್ತಾರೆ.”

ಕೇಳುತ್ತಾರೆ, ಅದು ಫಖರುನ್ನಿಸಾಗೆ ಚೆನ್ನಾಗಿ ಗೊತ್ತಿತ್ತು. ಹೋಗಬೇಡಿ ಅಂದರೆ ಹೋಗದೆ, ಬಾಗಿಲಲ್ಲಿ ಕೂತು ಗುಡ್ಡ ನೋಡುತ್ತ ಉಳಿದ ದಿನ ಸವೆಸುತ್ತಾರೆ. ಆ ಮನುಷ್ಯನ ಗುಣವೇ ಅಂಥದ್ದು.

“ಬ್ಯಾಡವ್ವ,” ಎಂದು ಫೋನಿಟ್ಟರು. ಟ್ರಕ್ಕಿನ ಕೀಲಿ ತಂದು ಗಂಡನ ಎದುರು ನಿಂತರು. “ಏಳ್ರಿ. ನಿಮ್ಮ ಸರದಾರನ್ನ ಮನಿಗೆ ಕರಕೊಂಡು ಬರೂಣು.”

ಏಪ್ರಿಲ್ ಆದಮೇಲೆ ಸನಾವುಲ್ಲಾ ನಕ್ಕಿದ್ದು ಅವತ್ತೇ ಮೊದಲು. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದಿದ್ದ ಫಖರುನ್ನಿಸಾ ಮಾತ್ರ, ಡಿಸೆಂಬರಿನ ಮರಿಗಳನ್ನು ನಾನೇ ಕೈಯಾರೆ ಬಿಟ್ಟುಕೊಟ್ಟೆನಲ್ಲ ಎಂದು ದಾರಿಯುದ್ದಕ್ಕೂ ಸಂಕಟಪಟ್ಟರು.

ಬೇಸಿಗೆಯೆಲ್ಲ ಸನಾವುಲ್ಲಾ ಹೋತದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಒಂದು ಆಡೂ ಬೆದೆಗೆ ಬರಲಿಲ್ಲ. ಬಂದದ್ದು ಅಕ್ಟೋಬರಿನಲ್ಲಿ, ತಮ್ಮ ಕಾಲ ಬಂದಾಗ. ಡಿಸೆಂಬರಿನಲ್ಲಿ ಸನಾವುಲ್ಲಾ ತೀರಿಕೊಂಡರು. ಮಣ್ಣು ಮಾಡುವ ಮುಂಚೆ ಮಯ್ಯತ್ತಿಗೆ ಸ್ನಾನ ಮಾಡಿಸಿದವರು, ನಾತ ಹೋಗಲೆಂದು ಅವರ ಕೈಗಳಿಗೆ ಮತ್ತೆ ಮತ್ತೆ ಸೋಪು ಹಚ್ಚಬೇಕಾಯಿತಂತೆ.

ಮಾರ್ಚಿನಲ್ಲಿ ಮೊದಲ ಮರಿ ಹುಟ್ಟಿತು. ಫಖರುನ್ನಿಸಾ ಮೊಣಕಾಲೂರಿ ಕೂತು ಅದರ ಬಾಯಿ, ಮೂಗು ಒರೆಸಿದರು. ಮರಿ ‘ಮ್ಯಾ’ ಅಂದದ್ದೇ ತಡ, ಮನೆಯ ಕಡೆ ತಿರುಗಿ, “ಏನ್ರೀ, ಬಂತ್ ನೋಡ್ರೀ!” ಎಂದು ಕೂಗಿಬಿಟ್ಟರು. ಕೂಗಿದ ಮೇಲೆ ನೆನಪಾಯಿತು. ಮರಿಯನ್ನು ಎದೆಗವಚಿಕೊಂಡು ಎದ್ದು ನಿಂತರು. ಆಮೇಲೆ ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ ಕೂಗಿದರು.