ವೈರ್ ಕಿತ್ತುಕೊಂಡು ಬಸ್ ಹತ್ತಿದ ಅತ್ತೆ

ಕಳೆದ ಭಾನುವಾರ ಬೆಳಿಗ್ಗೆ ಭಾಲ್ಕಿಯಲ್ಲಿ ನನ್ನ ಸೋದರತ್ತೆ ಕಾಣೆಯಾದರು. ಅವರ ಜೊತೆಗೆ ಮನೆಯ ಟಿವಿ ವೈರ್ ಕೂಡ.

ಬೀದರಿನಲ್ಲಿದ್ದ ನನಗೆ ಫೋನ್ ಮಾಡಿದ್ದು ಅವರ ಮಗ ಶಿವರಾಜ. "ಅಕ್ಕಾ, ಅವ್ವ ನಿಮ್ಮ ಮನಿಗಿ ಬಂದಾಳೇನ? ಫೋನ್ ಇಲ್ಲೇ ಬಿಟ್ಟು ಹೋಗ್ಯಾಳ. ಆಕಿಗಿ ಕಣ್ಣು ಬ್ಯಾರಿ ಕಾಣಂಗಿಲ್ಲ!"

ಕಣ್ಣಿನ ಕಥೆ ಮೊದಲು ಹೇಳಬೇಕು. ಅತ್ತೆಯ ಹೆಸರು ಶಾಂತಾಬಾಯಿ, ವಯಸ್ಸು ಎಪ್ಪತ್ತೆರಡು. ಸರ್ವೀಸ್ ಪೂರ್ತಿ ಔರಾದಿನ ಕನ್ನಡ ಶಾಲೆಯಲ್ಲಿ ಟೀಚರಾಗಿ ಕಳೆದವರು. ಕಬಡ್ಡಿ ಎಂದರೆ ಪ್ರಾಣ. (ರೆಫರಿ ತಪ್ಪು ಮಾಡಿದರೆ ಟಿವಿಯ ಮುಂದೆ ನಿಂತು, ಮೂರನೇ ಕ್ಲಾಸಿನ ಹುಡುಗನನ್ನು ಬೈದಂತೆ ಬೈಯುತ್ತಾರೆ.) ಎರಡು ತಿಂಗಳ ಹಿಂದೆ ಶಿವರಾಜ ಅರ್ಧ ಗೋಡೆಯಷ್ಟು ದೊಡ್ಡ ಎಚ್‌ಡಿ ಟಿವಿ ತಂದ. ಅಂದು ಸಂಜೆಯೇ ಅತ್ತೆ ಹೇಳಿದರು, "ಆಟಗಾರರ ಬೆನ್ನ ಮ್ಯಾಲಿನ ನಂಬರ್ ಕಾಣವಲ್ದು. ಎಲ್ಲಾ ಮಬ್ಬು ಮಬ್ಬು ಅದ."

ಹೊಸ ಟಿವಿ, ಹಳೆಯ ಕಣ್ಣು. ತಪ್ಪು ಯಾರದೆಂದು ತೀರ್ಮಾನಿಸಲು ಎಷ್ಟು ಹೊತ್ತು ಬೇಕು?

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಪೊರೆ ಈಗಷ್ಟೇ ಶುರುವಾಗಿದೆ, ಸದ್ಯಕ್ಕೆ ಏನೂ ತೊಂದರೆಯಿಲ್ಲ ಅಂದರು ಡಾಕ್ಟರು. ಮನೆಯವರ ಕಿವಿಗೆ ಬಿದ್ದಿದ್ದು 'ಪೊರೆ' ಎಂಬ ಒಂದೇ ಶಬ್ದ. ಅಲ್ಲಿಂದ ಶುರು. ಸಂತೆಗೆ ಒಬ್ಬರೇ ಹೋಗುವಂತಿಲ್ಲ. ಒಲೆಯ ಹತ್ತಿರ ಸುಳಿಯುವಂತಿಲ್ಲ. ಓಣಿಯ ನಾಲ್ಕು ಹೆಣ್ಣುಮಕ್ಕಳು ಮಧ್ಯಾಹ್ನ ಬಂದು ಅತ್ತೆಯಿಂದ ಕೌದಿ ಹೊಲಿಯಲು ಕಲಿಯುತ್ತಿದ್ದರು. ಸೊಸೆ ಅವರನ್ನು ವಾಪಸ್ ಕಳಿಸಿ, ಸೂಜಿ ಡಬ್ಬಿಯನ್ನು ಕಪಾಟಿನ ಮೇಲಕ್ಕೆ ಇಟ್ಟಳು. ಎಲ್ಲವೂ ಪ್ರೀತಿಯಿಂದಲೇ! ಪ್ರೀತಿಯಿಂದ ಮಾಡುವ ಅನ್ಯಾಯದ ವಿರುದ್ಧ ಜಗಳ ಆಡುವುದಾದರೂ ಹೇಗೆ?

ಅತ್ತೆ ದಾರಿ ಹುಡುಕಿಕೊಂಡಿದ್ದರು.

ಶಿವರಾಜ ಬಸ್‌ಸ್ಟ್ಯಾಂಡಿನಲ್ಲಿ ಹುಡುಕುತ್ತಿದ್ದಾಗ ನನಗೆ ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತು. "ಮೇಡಮ್, ಔರಾದದಿಂದ ರಶೀದ್ ಮಾತಾಡ್ಲತ್ತೀನ್ರಿ. ಟಿವಿ ರಿಪೇರಿ ಅಂಗಡಿ ಅದ ನಂದು. ನಿಮ್ಮ ಅತ್ತಿಯವರು ಇಲ್ಲೇ ಕುಂತು ಚಾ ಕುಡಿಲತ್ತಾರ, ನಿಮ್ಮ ನಂಬರ್ ಅವರೇ ಬಾಯಿಪಾಠ ಹೇಳಿದ್ರು. ಫಿಕರ್ ಮಾಡಬ್ಯಾಡ್ರಿ."

ಶಿವರಾಜನಿಗೆ ವಿಷಯ ತಿಳಿಸಿ ಔರಾದಿನ ಬಸ್ ಹತ್ತಿದೆ.

ರಶೀದ್ ಭಾಯ್‌ಗೆ ಐವತ್ತು ದಾಟಿದೆ. ಅತ್ತೆಯ ಹಳೆಯ ವಿದ್ಯಾರ್ಥಿ. ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಎದುರಿನ ಟೇಬಲ್ಲಿನ ಮೇಲೆ ಹಳದಿ, ಬಿಳಿ, ಕೆಂಪು ತಲೆಗಳ ಆ ವೈರ್.

"ಇಷ್ಟು ದೂರ ಒಬ್ರೇ ಹ್ಯಾಂಗ ಬಂದ್ರಿ ಅತ್ತಿ?"

"ಬಸ್ಸಿನ ಬೋರ್ಡ್ ಓದಿ ಬಂದೆ. ಕಣ್ಣು ಹೋದವರು ಓದ್ತಾರೇನ?" ಅಂದರು. "ಬಾಜೂ ಮನಿ ಟಿವಿ ನಮ್ಮದರ ಅರ್ಧನೂ ಇಲ್ಲ. ಅದರಾಗ ನಂಬರ್ ಛಲೋ ಕಾಣ್ತದ. ಅದರ ಹಿಂದ ಬಗ್ಗಿ ನೋಡ್ದೆ, ವೈರ್ ಬ್ಯಾರಿ ಅದ. ಮನ್ಯಾಗ ಹೇಳಿದ್ರ ಯಾರು ಕೇಳ್ತಾರ? ಅದಕ್ಕ ಕಿತ್ಕೊಂಡು ಬಂದೆ."

ರಶೀದ್ ಭಾಯ್ ನಕ್ಕರು. "ಟೀಚರ್ ಹೇಳಿದ್ದು ಖರೇ ಅದರಿ. ಇದು ಹಳಿ ಟಿವಿ ವೈರ್. ಸೆಟ್ ಟಾಪ್ ಬಾಕ್ಸ್ ಎಚ್‌ಡಿ, ಟಿವಿ ಎಚ್‌ಡಿ, ನಡುವ ಇದನ್ನ ಹಾಕಿದ್ರ ಎಚ್‌ಡಿ ದಾಟಂಗೇ ಇಲ್ಲ. ಟಿವಿ ದೊಡ್ಡದಾದಷ್ಟೂ ಮಬ್ಬು ಎದ್ದು ಕಾಣ್ತದ. ಎಚ್‌ಡಿಎಂಐ ವೈರ್ ಹಾಕ್ರಿ. ಚಿತ್ರ, ಆವಾಜ್ ಎಲ್ಲಾ ಒಂದೇ ವೈರಿನಾಗ ಬರ್ತದ. ನನ್ನ ಹತ್ರ ಮುಗದಾವ, ಬೀದರದಾಗ ತಗೋರಿ. ಸಾದಾದು ಸಾಕು."

ಟಿವಿ ಕೂಡಿಸಲು ಬಂದವನು ಹಳೆಯ ವೈರನ್ನೇ ಚುಚ್ಚಿ ಹೋಗಿದ್ದ. ಬಣ್ಣಕ್ಕೆ ಬಣ್ಣ ಹೊಂದಿತು, ಚಿತ್ರ ಬಂತು, ಕೆಲಸ ಮುಗಿಯಿತು. ಶಿಕ್ಷೆ ಮಾತ್ರ ಎಪ್ಪತ್ತೆರಡರ ಹೆಂಗಸಿಗೆ!

ಬೀದರಿಗೆ ಬಂದು ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಒಡವೆಯಂತೆ ಡಬ್ಬಿಯೊಂದನ್ನು ತೆರೆದು ಫಳಫಳ ಹೊಳೆಯುವ ಕೇಬಲ್ ತೋರಿಸಿದ. "ಗೋಲ್ಡ್ ಪ್ಲೇಟೆಡ್ ಅದರಿ ಅಮ್ಮಾ. ಇದಿಲ್ಲಂದ್ರ ಎಚ್‌ಡಿ ಮಜಾ ಬರಂಗಿಲ್ಲ. ವಯಸ್ಸಾದವರ ಕಣ್ಣಿಗಿ ಭೀ ಆರಾಮ."

ಕಣ್ಣಿನ ಮಾತು ತೆಗೆಯಬಾರದಿತ್ತು ಅವನು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಸಾದಾ ವೈರ್ ತಗಿ. ಮೊದಲ ಅದನ್ನ ಆ ಟಿವಿಗಿ ಹಚ್ಚು, ಆಮ್ಯಾಲ ಬಂಗಾರದ್ದು ಹಚ್ಚು. ಏನು ಹೆಚ್ಚು ಕಾಣ್ತದ, ತೋರ್ಸು."

ಗಿರಾಕಿಗಳು ಸುತ್ತ ನಿಂತರು. ಅವನು ಎರಡನ್ನೂ ಹಚ್ಚಿದ. ಎಲ್ಲರೂ ಕಣ್ಣು ಕಿರಿದು ಮಾಡಿ ನೋಡಿದೆವು.

"ನಂಗ ಫರಕ್ ಕಾಣವಲ್ದು. ನಿಂಗ?"

"ಇಲ್ರಿ," ಅಂದ ಅವನು, ತಲೆ ಕೆರೆದುಕೊಳ್ಳುತ್ತಾ.

ಸಾದಾ ವೈರನ್ನೇ ತಂದೆವು. (ನೀವೂ ಕೇಳಿಸಿಕೊಳ್ಳಿ. ಬಾಕ್ಸ್ ಟಿವಿಯ ಪಕ್ಕದಲ್ಲೇ ಇದ್ದರೆ ಚಿಕ್ಕ, ಗಟ್ಟಿಯಾದ ಸಾದಾ ಎಚ್‌ಡಿಎಂಐ ಸಾಕು. ಗೋಡೆಯೊಳಗೆ ದೂರ ಎಳೆಯುವುದಿದ್ದರೆ ಮಾತ್ರ ಒಳ್ಳೆಯ ದಪ್ಪ ವೈರ್ ಕೇಳಿ. ಮತ್ತೆ ಹಚ್ಚುವ ಚಾನೆಲ್ ಕೂಡ ಎಚ್‌ಡಿಯದ್ದೇ ಆಗಿರಲಿ.)

ಸಂಜೆ ಭಾಲ್ಕಿ ಮುಟ್ಟಿದೆವು. ಬಾಗಿಲಲ್ಲೇ ಶಿವರಾಜ ಸಿಡಿದ. "ಹೇಳದೇ ಹೋಗೋದೇನ ಅವ್ವಾ? ಜೀವ ಹೋದಂಗ ಆಗಿತ್ತು!" ಅತ್ತೆ ಹೊಸ ವೈರ್ ಅವನ ಕೈಗಿಟ್ಟರು.

ಅವನು ಹಚ್ಚಿ ರಿಮೋಟಿನಲ್ಲಿ ಇನ್‌ಪುಟ್ ಬದಲಿಸಿದ. ಕಬಡ್ಡಿ ನಡೆದಿತ್ತು. ಆಟಗಾರರ ಹಣೆಯ ಬೆವರೂ ಕಾಣುತ್ತಿತ್ತು. ಮಂಚದ ಮೇಲೆ ಕೂತೇ ಅತ್ತೆ ಗಟ್ಟಿಯಾಗಿ ಓದಿದರು: "ಏಳು. ಹದಿನೆಂಟು. ಇಪ್ಪತ್ಮೂರು."

ಶಿವರಾಜ ರಿಮೋಟ್ ಕೆಳಗಿಟ್ಟು ಮೆಲ್ಲಗೆ, "ಅವ್ವಾ, ಖರೇ ಹೇಳ್ಬೇಕಂದ್ರ ನಂಗೂ ಮಬ್ಬೇ ಕಾಣ್ತಿತ್ತು," ಅಂದ.

"ಮತ್ತ ಯಾಕ ಹೇಳಲಿಲ್ಲ?"

"ಹೊಸಾ ಟಿವಿ... ಹಿಂಗೇ ಇರ್ತದೇನೋ ಅಂದ್ಕೊಂಡೆ."

ಅವನಿಗೂ ಕಂಡಿರಲಿಲ್ಲ! ಆದರೆ ನಲವತ್ತರ ಕಣ್ಣನ್ನು ಯಾರೂ ಅನುಮಾನಿಸುವುದಿಲ್ಲವಲ್ಲ.

ಅತ್ತೆ ನಗಲಿಲ್ಲ. ಕ್ಷಮಿಸುವ ಅವಸರವೂ ಅವರಿಗಿರಲಿಲ್ಲ. "ಕಪಾಟಿನ ಮ್ಯಾಲಿನ ಡಬ್ಬಿ ಇಳಸು," ಅಂದರು ಅಷ್ಟೇ. ಸೊಸೆಯೇ ಎದ್ದು ಇಳಿಸಿ, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟಳು. ಮರುದಿನ ಮಧ್ಯಾಹ್ನ ನಾಲ್ಕೂ ಹುಡುಗಿಯರು ಬಂದರಂತೆ.

ಹಿರಿಯರು 'ಕಾಣ್ತಿಲ್ಲ' ಎಂದ ಕೂಡಲೇ ಅವರ ಕಣ್ಣಿಗೆ ಟಾರ್ಚ್ ಬಿಡುವ ನಾವು, ಅವರು ಬೆರಳು ತೋರಿಸುತ್ತಿರುವ ಕಡೆಗೆ ಒಮ್ಮೆಯಾದರೂ ಯಾಕೆ ತಿರುಗಿ ನೋಡುವುದಿಲ್ಲ?