ಪರದೆಯ ಪಕ್ಕದ ಕಾಕಾ

ಕಳೆದ ಭಾನುವಾರ ಸಂಜೆ ಪಕ್ಕದ ಮನೆಯ ಟೀವಿಯಲ್ಲಿ ಹಳೆಯ ಚಿತ್ರವೊಂದು ನಡೆದಿತ್ತು. ನಾಯಕ ಆಳೆತ್ತರದ ಬಂಡೆಯನ್ನು ಎತ್ತಿ ಎಸೆದ. ಯಾರೂ ನಗಲಿಲ್ಲ. ನಾನು ಮಾತ್ರ ನಗು ತಡೆಯಲಾರದೆ ನೀರಿನ ನೆವ ಹೇಳಿ ಎದ್ದು ಬಂದೆ. ಸಿನಿಮಾವನ್ನು ಭಕ್ತಿಯಿಂದ ನೋಡುವುದು ನನಗೆ ಬರಲೇ ಇಲ್ಲ. ಕಾರಣ ನನ್ನ ಕಾಕಾ.

ಕಾಕಾ ಹಗಲೆಲ್ಲ ಶಹಾಬಾದಿನ ಪಾಲಿಶ್ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಉಜ್ಜುತ್ತಿದ್ದರು. ಸಂಜೆ ತಗಡಿನ ಟಾಕೀಸಿನಲ್ಲಿ ಪರದೆಯ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದರು. ತೆಲುಗು ಚಿತ್ರಗಳ ಕಥೆಯನ್ನು ಜನರಿಗೆ ತಿಳಿಸಿ ಹೇಳಲೆಂದು ಮಾಲಕರಾದ ಮಹಬೂಬ ಸಾಹೇಬರು ಅವರನ್ನು ಕೂರಿಸಿದ್ದು. ಚಿತ್ರ ಚೆನ್ನಾಗಿದ್ದರೆ ಕಾಕಾ ತಿಳಿಸಿಯೇ ಹೇಳುತ್ತಿದ್ದರು. ಆದರೆ ಚೆನ್ನಾಗಿರುವ ಚಿತ್ರ ನಮ್ಮೂರಿನವರೆಗೆ ಬರುತ್ತಿದ್ದುದೇ ಅಪರೂಪ.

ನಾಯಕ ಬಂಡೆ ಎತ್ತಿದಾಗ ಕಾಕಾ, “ಆ ಬಂಡೆ ಯಾವ ಖಣಿದರೀ? ನಮ್ಮಲ್ಲಿ ಇಂಥಾ ಹಗುರ ಕಲ್ಲಿದ್ರ ನನ್ನ ಸೊಂಟ ಉಳೀತಿತ್ತು!” ಎಂದರೆ ಕಲ್ಲು ಹೊತ್ತು ದಣಿದು ಬಂದವರೆಲ್ಲ ನೆಲ ಬಡಿದು ನಗುತ್ತಿದ್ದರು. ಗುಂಡು ತಿಂದ ಖಳನಾಯಕ ಮಾತು ನಿಲ್ಲಿಸದಿದ್ದರೆ, “ಐದು ಗುಂಡು ಬಿದ್ದಾವ, ಭಾಷಣ ಮುಗೀವಲ್ದು. ಇವನ್ನ ಇಲೆಕ್ಷನ್ನಿಗೆ ನಿಂದ್ರಸ್ರೆಪ್ಪಾ!”

ನಾನೂ ನಗುತ್ತಿದ್ದೆ, ಧಾರವಾಡಕ್ಕೆ ಓದಲು ಹೋಗುವವರೆಗೆ. ಎಂ.ಎ. ಮೊದಲ ವರ್ಷದ ರಜೆಯಲ್ಲಿ ಬಂದಾಗ, ಟಾಕೀಸಿನಲ್ಲಿ ಹೆಂಗಸರ ಕಡೆ ಪಕ್ಕದಲ್ಲಿ ಕುಳಿತ, ಊರಿಗೆ ಹೊಸದಾಗಿ ಬಂದ ಅಧಿಕಾರಿಯ ಹೆಂಡತಿ ಕಾಕಾರತ್ತ ಬೊಟ್ಟು ಮಾಡಿ ಕೇಳಿದರು: “ಆ ಮನಶ್ಯಾ ನಿಮಗೇನಾಗಬೇಕ್ರಿ?”

“ಯಾರೋ ಏನೋ,” ಎಂದೆ.

ಮರುದಿನ ಕೂತು, ಹೆಸರು ಹಾಕದೆ, ಮಾಲಕರಿಗೆ ಒಂದು ಕಾಗದ ಬರೆದೆ. ಸಭ್ಯರು ಚಿತ್ರ ನೋಡದಂತಾಗಿದೆ, ಕಲೆಗೆ ಅಪಮಾನವಾಗುತ್ತಿದೆ, ಹೀಗೆ ಒಂದು ಪುಟ. ಭಾಷೆ ಬಹಳ ಶುದ್ಧವಾಗಿತ್ತು. ನಾಲ್ಕನೆಯ ದಿನ ಸ್ಟೂಲು ಖಾಲಿ. ಕಾಕಾ ಗಂಡಸರ ಕಡೆ ಕೊನೆಯ ಸಾಲಿನಲ್ಲಿ, ಕೈಕಟ್ಟಿ, ಬಾಯಿ ಮುಚ್ಚಿ ಕುಳಿತಿದ್ದರು. ಮನೆಯಲ್ಲೂ ಮಾತಿಲ್ಲ. ಕಾಕಿ ನನ್ನನ್ನೇ ಕೇಳಿದರು: “ಹಿಂಗ್ಯಾಕ ಕುಂತಾರ? ನೀನರ ಕೇಳಿ ನೋಡವ್ವ.” ಕೇಳುವ ಧೈರ್ಯ ನನಗೆಲ್ಲಿತ್ತು?

ನನ್ನನ್ನು ಉಳಿಸಿದ್ದು ರೈಲು. ಪಕ್ಕದೂರು ವಾಡಿಯ ಟಾಕೀಸಿಗೂ ನಮ್ಮದಕ್ಕೂ ಸೇರಿ ಚಿತ್ರದ ಒಂದೇ ಪ್ರಿಂಟು. ಅಲ್ಲಿ ಮುಗಿದ ರೀಲು ಗಾಡಿಯಲ್ಲಿ ಇಲ್ಲಿಗೆ ಬರಬೇಕು. ಆ ಶನಿವಾರ ಗಾಡಿ ತಪ್ಪಿ ಕೊನೆಯ ರೀಲು ಬರಲೇ ಇಲ್ಲ. ದೀಪ ಹತ್ತಿತು, ಶಿಳ್ಳೆ, ಕೂಗು, ಯಾರೋ ತಗಡಿಗೆ ಒದ್ದರು. ಸಾಹೇಬರು ಓಡಿ ಬಂದು ಕೊನೆಯ ಸಾಲಿನಲ್ಲಿದ್ದ ಕಾಕಾರ ಮುಂದೆ ನಿಂತರು. “ಶರಣಪ್ಪ, ಕಾಗದ ಹಾಳಾಗಿ ಹೋಗಲಿ. ಏಳಪಾ, ಇಜ್ಜತ್ ಉಳಸು.”

ಕಾಕಾ ಖಾಲಿ ಪರದೆಯ ಮುಂದೆ ನಿಂತು ಉಳಿದ ಕಥೆಯನ್ನು ತಾವೇ ಕಟ್ಟಿ ಹೇಳಿದರು. ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ ಕೂಗಿದಳು: “ಹೀರೋನ ಕುರುಡವ್ವನ ಗತಿ ಏನಾತೋ?”

“ಕಣ್ಣು ಬಂದ್ವು ಯವ್ವಾ. ಮಗನ ಆ್ಯಕ್ಟಿಂಗ್ ನೋಡಿ ಮತ್ತ ಮುಚ್ಚಿಕೊಂಡ್ಳು!”

ಅಂದೂ ನನ್ನ ಪಕ್ಕದಲ್ಲಿದ್ದ ಅಧಿಕಾರಿಯ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. “ಅವರು ನಮ್ಮ ಕಾಕಾ,” ಎಂದೆ. ಅವರು ಕೇಳಿರಲಿಲ್ಲ, ನಾನಾಗಿಯೇ ಹೇಳಿದೆ.

ಆಮೇಲೆ ಟಾಕೀಸು ಮುಚ್ಚುವವರೆಗೂ ಸ್ಟೂಲು ಅವರದೇ. ಕಾಗದದ ಮಾತು ಮಾತ್ರ ನನ್ನೊಳಗೇ ಉಳಿದಿತ್ತು. ಮೊನ್ನೆ ಶಹಾಬಾದಿಗೆ ಹೋಗಿ ಹೇಳಿಬಿಟ್ಟೆ. ಕಾಕಾ ಕಪ್ಪಿನ ಚಹಾ ಬಸಿಗೆ ಸುರಿದುಕೊಳ್ಳುತ್ತ, “ಗೊತ್ತದ ಬಿಡು,” ಎಂದರು.

“ಹೆಂಗ?”

“ಸಾಹೇಬ್ರು ಉರ್ದು ಸಾಲಿ ಕಲ್ತವರು. ಕನ್ನಡ ಕಾಗದ ಬಂದ್ರ ನಾನೇ ಓದಿ ಹೇಳತಿದ್ದೆ. ನಿನ್ನ ಅಕ್ಷರ ನನಗ ಗೊತ್ತಿಲ್ಲೇನು?”

ನಾನು ಬಸಿ ಕೆಳಗಿಟ್ಟೆ. “ಬ್ಯಾರೆ ಏನರ ಓದಬಾರದಿತ್ತೇನು ಕಾಕಾ? ಅವರಿಗೇನು ತಿಳೀತಿತ್ತು?”

“ಮನ್ಯಾಗ ಮೊದಲ ಸಲ ಇಷ್ಟು ಕಲ್ತಾಕಿ ಬರದದ್ದು, ತಪ್ಪ ಹೆಂಗ ಓದಲಿ? ಒಂದಕ್ಷರ ಬಿಡದ ಓದೀನಿ. ಆದರ ಏನ್ ಕಾಗದವಾ ಅದು! ಅರ್ಧಕ್ಕ ಸಾಹೇಬ್ರು ಆಕಳಿಸಿದ್ರು. ನಡುವ ನಾನೊಂದು ಮಾತು ಸೇರಿಸಿದ್ರ ನೂರು ದಿನ ಓಡತಿತ್ತು.”

ಕಾಕಿ ಒಳಗಿನಿಂದ ಓಡಿ ಬಂದು ನೋಡುವಷ್ಟು ಜೋರಾಗಿ ನಕ್ಕೆ.